ಮಂತ್ರಿ ಆಡಿದ ಸರದಿ

ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿಗೆ ಅಂಟಿಕೊಂಡಿದ್ದ ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸ ರಂಗರಾಜುವಿನದು. ಕೂತು ಮಾಡುವ ಕೆಲಸವೇ, ಆದರೆ ಎದ್ದು ಮೈ ಮುರಿಯಲೂ ಬಿಡುವಿರಲಿಲ್ಲ. ಖಾಲಿ ಲಾರಿ ಹತ್ತಿಸು, ತೂಕ ತೆಗೆ, ಚೀಟಿ ಕೊಡು. ಅದೇ ಲಾರಿ ಈರುಳ್ಳಿಯೋ ಕೋಸೋ ತುಂಬಿಕೊಂಡು ಬಂದರೆ ಮತ್ತೆ ಹತ್ತಿಸು, ಮತ್ತೆ ತೂಕ, ಮತ್ತೆ ಚೀಟಿ. ಕೇರಳದ ಡ್ರೈವರುಗಳಿಗೆ ಘಾಟಿ ಇಳಿಯುವ ಆತುರ, ದಲ್ಲಾಳಿಗಳಿಗೆ ಡ್ರೈವರುಗಳನ್ನು ಸಾಗಹಾಕುವ ಆತುರ. ಎಲ್ಲರ ಆತುರವೂ ಕೊನೆಗೆ ಬಂದು ಬೀಳುತ್ತಿದ್ದದ್ದು ರಂಗರಾಜುವಿನ ತಲೆಯ ಮೇಲೆ. ಇಂಥವನು ದಿನಕ್ಕೊಮ್ಮೆ ಅದೇ ಕಂಪ್ಯೂಟರಿನಲ್ಲಿ ರಾಜನಾಗಿ ದಂಡು ನಡೆಸುತ್ತಾನೆ ಎಂದರೆ ಮಾರ್ಕೆಟ್ಟಿನವರಿಗೆ ನಗು. ನಗಲಿ ಬಿಡಿ. ಅವನು ಆಡುತ್ತಿದ್ದದ್ದು ಖುಷಿಗಲ್ಲ, ಒಬ್ಬನ ಜೀವ ಹಿಡಿದುಕೊಳ್ಳುವುದಕ್ಕೆ.

ಆ ಒಬ್ಬ ದೊರೆಸ್ವಾಮಿ. ಇಬ್ಬರೂ ಚಂದಕವಾಡಿಯವರು, ಒಂದೇ ಬೀದಿ, ಶಾಲೆಯಲ್ಲಿ ಒಂದೇ ಬೆಂಚು. ಮೈಸೂರಿಗೆ ಹೋಗಿ ಕಂಪ್ಯೂಟರ್ ಕಲಿತದ್ದೂ ಜೊತೆಯಲ್ಲೇ. ಆಮೇಲೆ ರಂಗರಾಜು ಗುಂಡ್ಲುಪೇಟೆಗೆ ಬಂದ. ದೊರೆಸ್ವಾಮಿ ಚಾಮರಾಜನಗರದಲ್ಲಿ ಬಾಡಿಗೆ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕೆ, ಅರ್ಜಿ ಟೈಪು ಮಾಡಿಕೊಡುವ ಅಂಗಡಿ ಹಾಕಿದ. ಚಾಮರಾಜನಗರ ಜಿಲ್ಲೆಯಾಗುತ್ತದೆ ಎಂಬ ಮಾತು ಆಗಲೇ ಎದ್ದಿತ್ತು. ಹೊಸ ಆಫೀಸುಗಳು ಬರುತ್ತವೆ, ಕೆಲಸಕ್ಕೆ ಬರವಿಲ್ಲ ಎಂದು ಲೆಕ್ಕ ಹಾಕಿದ್ದ. ಪವಿತ್ರಳನ್ನು ಮದುವೆಯಾದ. ತೊಂಬತ್ತೆಂಟನೇ ಇಸವಿ, ಶಿವರಾತ್ರಿ ಕಳೆದ ಮೇಲೆ ಪವಿತ್ರ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಸುದ್ದಿ ಬಂದಾಗ ರಂಗರಾಜು ಅಂಗಿ ತೊಟ್ಟು ಹೊರಟೇಬಿಟ್ಟಿದ್ದ. ಅವನ ತಾಯಿ ದೊಡ್ಡಮಾದಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನಿನ್ ಎಡ್ತಿ ಬಸ್ರಿ ಕಣ್ಲಾ. ಬಸ್ರಿ ಗಂಡ ಹೆಣಕ್ಕೆ ಎಗ್ಲು ಕೊಡಂಗಿಲ್ಲ. ಅದ್ರಲ್ಲೂ ಬಾಣ್ತಿ ಸತ್ತ ಮನೆ. ಆ ಒಸ್ಲು ತುಳಿಬ್ಯಾಡ.”

“ಅವ್ವ, ದೊರೆ ಕಣವ್ವ. ಬ್ಯಾರೆ ಯಾರೋ ಅಲ್ಲ.”

“ಗೊತ್ತು ಕಣಪ್ಪ. ಹೆರ್ಗೆ ಆಗಗಂಟ ತಡಿ. ಆಮ್ಯಾಕೆ ದಿನಾ ಓಗು, ಯಾರ್ ಬ್ಯಾಡ ಅಂದರು.”

ರಂಗರಾಜುವಿಗೆ ಇಂಥದರಲ್ಲಿ ನಂಬಿಕೆ ಇತ್ತು ಎನ್ನುವ ಹಾಗೂ ಇಲ್ಲ, ಇರಲಿಲ್ಲ ಎನ್ನುವ ಹಾಗೂ ಇಲ್ಲ. ಆದರೆ ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಚಿಕ್ಕತಾಯಿ ನಿಂತಿದ್ದಳು. ಅವಳಿಗೆ ಹಿಂದಿನ ವರ್ಷ ಒಂದು ಬಸಿರು ಇಳಿದುಹೋಗಿತ್ತು. ಅವಳು ಸೆರಗಿನ ತುದಿಯನ್ನು ಹಿಡಿದುಕೊಂಡು ನಿಂತಿದ್ದಳು. ರಂಗರಾಜು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಗೆಳೆಯನ ಹೆಂಡತಿಗೆ ಹೆಗಲು ಕೊಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ.

ತಿಂಗಳ ಮೇಲೆ ಒಂದು ದಿನ ವೇಬ್ರಿಡ್ಜಿನ ಫೋನು ಹೊಡೆದುಕೊಂಡಿತು. ಆ ಕಡೆ ದೊರೆಸ್ವಾಮಿಯ ತಾಯಿ ಪುಟ್ಟಸಿದ್ದಮ್ಮ. ಎಸ್‌ಟಿಡಿ ಬೂತಿನಲ್ಲಿ ನಿಂತವಳಿಗೆ ಫೋನು ಹಿಡಿದು ಅಭ್ಯಾಸವಿಲ್ಲ, ಒಂದಷ್ಟು ಹೊತ್ತು ಬರಿ ಉಸಿರು ಕೇಳಿಸಿತು.

“ರಂಗ, ನಾನು ಕಣಪ್ಪ, ದೊರೆ ಅವ್ವ. ನೆನ್ನೆ ಅವುನ್ನ ಕೆರೆ ಏರಿ ಮ್ಯಾಲಿಂದ ಯಾರೋ ಕೈ ಇಡ್ಕಂಡು ಕರ್ಕಂಬಂದ್ರು. ಯಾತಕ್ಲಾ ಓಗಿದ್ದೆ ಅಂದ್ರೆ ಮಾತಿಲ್ಲ. ಉಣ್ಣಾಕಿಲ್ಲ. ಅಂಗ್ಡಿ ಬಾಗ್ಲು ತೆಗಿಯಾಕಿಲ್ಲ. ನೀನೊಂದ್ಸತಿ ಬಂದು ಓಗು ಮಗ. ನಿನ್ ಮಾತಾದ್ರೆ ಕೇಳ್ತಾನೆ.”

ರಂಗರಾಜು ಗೋಡೆಯ ಕಡೆ ತಿರುಗಿ ನಿಂತ. “ದೊಡ್ಡವ್ವ, ಚಿಕ್ಕತಾಯಿ ಬಸ್ರಿ,” ಎಂದ. ಅಷ್ಟೇ ಎಂದ.

ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. “ಅಂಗಾರೆ ಬ್ಯಾಡ ಕಣಪ್ಪ, ಬ್ಯಾಡ. ಅಲ್ಲೇ ಇರು. ಅಲ್ಲಿಂದ್ಲೇ ಏನಾರ ಮಾಡಾಕಾಯ್ತದಾ ನೋಡು,” ಎಂದು ಅವನಿಗೇ ಸಮಾಧಾನ ಹೇಳಿ ಫೋನಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆಕೆಯ ಸಮಾಧಾನ ಅವನನ್ನು ದಿನವಿಡೀ ತಿಂದಿತು.

ಅಲ್ಲಿಂದಲೇ ಏನು ಮಾಡುವುದು? ಆಗ ನೆನಪಾದದ್ದು ಆ ಆಟ. ಮೈಸೂರಿನಲ್ಲಿ ಕಲಿಯುವಾಗ ಸಿಕ್ಕಿದ್ದು, ಹಳೇ ಕಾಲದ ಯಾವುದೋ ಪರದೇಶದ ರಾಜರ ಕಾಳಗ. ಇಬ್ಬರು ಆಡಬಹುದು, ಆದರೆ ಕಿತ್ತಾಟದ ಆಟವಲ್ಲ. ಒಬ್ಬ ರಾಜ ತನ್ನ ವರ್ಷದ ಕೆಲಸ ಮುಗಿಸಿ ‘ಆಯಿತು’ ಎಂದು ಒತ್ತುವವರೆಗೆ ಇನ್ನೊಬ್ಬ ಅಲುಗಾಡುವಂತಿಲ್ಲ. ಊರು ಕಟ್ಟು, ಹೊಲ ಮಾಡು, ಕುದುರೆ ಕಳಿಸು, ಆಯಿತು. ಆಮೇಲೆ ಅವನ ಸರದಿ. ಭಾನುವಾರಗಳಲ್ಲಿ ಇಬ್ಬರೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತು ಆಡಿದ್ದುಂಟು. ಅದರಲ್ಲಿ ಮಂತ್ರಿ ಅಂತ ಒಬ್ಬನಿದ್ದ. ಆಡಲು ಬೇಸರವಾದರೆ ಒಂದು ಕೀ ಒತ್ತಿ ಸರದಿಯನ್ನು ಅವನಿಗೆ ವಹಿಸಿಬಿಡಬಹುದು. ಕಂಪ್ಯೂಟರೇ ಮಂತ್ರಿಯಾಗಿ ಚಿಟಿಕೆ ಹೊಡೆಯುವುದರೊಳಗೆ ಆಡಿ ಮುಗಿಸುತ್ತಿತ್ತು. ಒಂದು ಸರದಿಗೆ ಮಾತ್ರ ಬೇಕಾದರೆ ಒಂದು ಸರದಿ, ಇಲ್ಲವಾದರೆ ಕೊನೆಯವರೆಗೂ. “ಇವನ್ ಕೈಗೆ ಮಾತ್ರ ಕೊಡಬಾರ್ದು ಕಣ್ಲಾ. ಕಟುಕ ನನ್ಮಗ, ಕಂಡೂರ್ಗೆಲ್ಲ ಬೆಂಕಿ ಇಕ್ತಾನೆ,” ಎಂದು ದೊರೆಸ್ವಾಮಿ ಆಗ ನಕ್ಕಿದ್ದ.

ಆಟ ಇಬ್ಬರ ಹತ್ತಿರವೂ ಇತ್ತು. ರಂಗರಾಜು ಹೊಸದಾಗಿ ಶುರು ಮಾಡಿ, ತಾನು ಕೆಂಪು ರಾಜನಾಗಿ ನೀಲಿ ರಾಜ್ಯವನ್ನು ದೊರೆಸ್ವಾಮಿಗೆ ಬಿಟ್ಟು, ತನ್ನ ಮೊದಲ ಸರದಿ ಆಡಿ ಫ್ಲಾಪಿಗೆ ಹಾಕಿದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚಾಮರಾಜನಗರದ ಬೆಳಗಿನ ಬಸ್ಸಿನ ಕಂಡಕ್ಟರ್ ಹುಚ್ಚಯ್ಯನ ಕೈಯಲ್ಲಿಟ್ಟ.

“ಏನ್ಲಾ ಇದು, ಔಸ್ತಿನಾ?”

“ಅಂಗೇ ಅನ್ಕ ಅಣ್ಣ.”

ಮೊದಲ ಸಂಜೆ ಹುಚ್ಚಯ್ಯ ಬರಿಗೈಯಲ್ಲಿ ಬಂದ. ಮಾರನೆಯ ಸಂಜೆಯೂ ಬರಿಗೈ. ರಂಗರಾಜು ಆಸೆ ಬಿಡುವುದರಲ್ಲಿದ್ದಾಗ ಒಂದು ಸಂಜೆ ಬಸ್ಸಿನಿಂದ ಇಳಿಯುತ್ತಲೇ ಹುಚ್ಚಯ್ಯ ಜೇಬು ತಟ್ಟಿಕೊಂಡು ಬಂದ. ಫ್ಲಾಪಿ ಹಾಕಿ ನೋಡಿದರೆ ನೀಲಿ ರಾಜ ಒಂದೇ ಒಂದು ಹೊಲ ಮಾಡಿ, ಒಂದೇ ಒಂದು ಹೆಜ್ಜೆ ಇಟ್ಟಿದ್ದ. ರಂಗರಾಜುವಿಗೆ ಅದು ಸಾಕಾಗಿತ್ತು. ಕುರ್ಚಿಯಲ್ಲೇ ಕೂತು ಕಣ್ಣೊರೆಸಿಕೊಂಡ.

ವಾರ ಕಳೆದು ಪುಟ್ಟಸಿದ್ದಮ್ಮ ಮತ್ತೆ ಫೋನು ಮಾಡಿದಳು. “ಉಣ್ತಾವ್ನೆ ಕಣಪ್ಪ. ನಿನ್ ಪ್ಲಾಪಿ ಬಂದ ಮ್ಯಾಕೇ ಉಣ್ಣದು, ಅದ ಆಡಿ ಹುಚ್ಚಯ್ಯನ ಕೈಗ್ ಕೊಟ್ಟು ಬತ್ತಾನೆ, ಮಕ ತೊಳ್ಕತಾನೆ, ತಟ್ಟೆ ಮುಂದೆ ಕೂತ್ಕತಾನೆ. ಒಂದಿನಾನೂ ತಪ್ಪಿಸ್ಬ್ಯಾಡ ಮಗ, ನಿನ್ ಕಾಲ್ಗೆ ಬೀಳ್ತೀನಿ.”

“ತಪ್ಪಿಸಾಕಿಲ್ಲ ದೊಡ್ಡವ್ವ,” ಎಂದು ರಂಗರಾಜು ಮಾತು ಕೊಟ್ಟ.

ಕೊಟ್ಟಿದ್ದೇನೋ ಕೊಟ್ಟ. ಉಳಿಸಿಕೊಳ್ಳುವುದು ಹೇಗೆ? ಫ್ಲಾಪಿ ಬರುವುದು ಸಂಜೆ, ಹೋಗಬೇಕಾದ್ದು ಬೆಳಗ್ಗೆ. ಸಂಜೆಯ ಹೊತ್ತಿಗೆ ತರಕಾರಿ ಲಾರಿಗಳ ಸಾಲು ಹೈವೇವರೆಗೂ ಬೆಳೆದಿರುತ್ತಿತ್ತು. ಬೆಳಗ್ಗೆ ನಲ್ಲಿಯ ನೀರು ಹಿಡಿಯಬೇಕು, ಚಿಕ್ಕತಾಯಿಯನ್ನು ಆಸ್ಪತ್ರೆಗೆ ತೋರಿಸುವ ದಿನವಾದರೆ ಅದೊಂದು. ಮೇಲಾಗಿ ಇರುವುದೊಂದೇ ಕಂಪ್ಯೂಟರು. ತೂಕದ್ದು ಮುಚ್ಚಿದರೆ ಆಟ, ಆಟ ಮುಚ್ಚಿದರೆ ತೂಕ. ಒಂದು ಲಾರಿ ಇಳಿದು ಇನ್ನೊಂದು ಹತ್ತುವ ನಡುವೆ ಒಂದು ಊರಿನ ಕೆಲಸ ನೋಡುತ್ತಿದ್ದ. ಹಾರನ್ ಹೊಡೆದರೆ ಅಷ್ಟಕ್ಕೇ ಉಳಿಸಿ ಹೊರಬರುತ್ತಿದ್ದ. “ಚೇಟ್ಟಾ, ವೇಗಂ ವೇಗಂ,” ಎಂದು ಡ್ರೈವರು ಕಿಟಕಿ ಬಡಿಯುವಾಗ ಅವನ ಕುದುರೆಗಳು ಹೊಳೆ ನಡುವೆ ನಿಂತಿರುತ್ತಿದ್ದವು. ನಿಂತೇ ಇರುತ್ತಿದ್ದವು. ಆ ಆಟದ ದೊಡ್ಡ ಗುಣವೇ ಅದು, ಎಷ್ಟು ಹೊತ್ತಾದರೂ ಕಾಯುತ್ತಿತ್ತು. ಜಗತ್ತಿನಲ್ಲಿ ತನಗಾಗಿ ಕಾಯುವ ವಸ್ತು ಇದೊಂದೇ ಎಂದು ರಂಗರಾಜುವಿಗೆ ಅನ್ನಿಸಿದ್ದೂ ಉಂಟು.

ಆಟವೆಂದರೆ ಬರಿ ಆಟವೂ ಅಲ್ಲ. ಫೋನಿಗೆ ಕರೆದರೆ ದೊರೆಸ್ವಾಮಿ ಬರುತ್ತಿರಲಿಲ್ಲ, ಕಾಗದ ಬರೆದರೆ ಉತ್ತರವಿಲ್ಲ. ಮಾತೇನಿದ್ದರೂ ಫ್ಲಾಪಿಯಲ್ಲೇ. ಹೊಸ ಊರು ಕಟ್ಟಿದರೆ ಅದಕ್ಕೆ ಬೇಕಾದ ಹೆಸರಿಡಬಹುದಿತ್ತು. ಇಡದಿದ್ದರೆ ಆಟವೇ ಬಾಯಿಗೆ ಬಾರದ ಪರದೇಶದ ಹೆಸರೊಂದನ್ನು ಇಟ್ಟುಕೊಳ್ಳುತ್ತಿತ್ತು. ರಂಗರಾಜು ಮೊದಲ ಊರಿಗೆ ಹೆಂಡತಿಯ ತವರು ಭೀಮನಬೀಡಿನ ಹೆಸರಿಟ್ಟ. ಅಕ್ಷರಕ್ಕೆ ಜಾಗ ಸಾಲದೆ ಬೀಡು ಬಿದ್ದುಹೋಗಿ ಭೀಮ ಮಾತ್ರ ಉಳಿದ. ದೊರೆಸ್ವಾಮಿ ಉತ್ತರವಾಗಿ ಹೊಳೆಯ ಆ ದಡದಲ್ಲಿ ಚಂದಕವಾಡಿ ಕಟ್ಟಿದ. ಒಂದು ಸಲ ರಂಗರಾಜು ಕೆಸರಿನ ನಡುವೆ ಯಾತಕ್ಕೂ ಬಾರದ ಕೋಟೆ ಎಬ್ಬಿಸಿ, ಚಿಕ್ಕಂದಿನಲ್ಲಿ ಇಬ್ಬರಿಗೂ ಬೆರಳ ಗಂಟಿನ ಮೇಲೆ ಬಾರಿಸುತ್ತಿದ್ದ ಗಂಗಾಧರಸ್ವಾಮಿ ಮೇಷ್ಟ್ರ ಹೆಸರಿಟ್ಟು ಕಳಿಸಿದ. ಮಾರನೆಯ ಸಂಜೆ ನೋಡಿದರೆ ನೀಲಿಯ ಇಡೀ ದಂಡು ಬಂದು ಆ ಕೋಟೆಯನ್ನು ನೆಲಸಮ ಮಾಡಿಹೋಗಿತ್ತು.

“ನಿನ್ ಸ್ನೇಯ್ತ ಇವತ್ತು ನಗ್ತಿದ್ದ ಕಣ್ಲಾ,” ಎಂದ ಹುಚ್ಚಯ್ಯ. “ನಾನ್ ಯಾರೋ ಬ್ಯಾರೆಯೋನು ಅನ್ಕಂಡೆ.”

ಆಷಾಢದಲ್ಲಿ ಒಂದು ಸಂಜೆ ಫ್ಲಾಪಿ ತೆರೆದಾಗ ಗಡಿಯ ಹತ್ತಿರ, ಹೊಳೆ ತಿರುಗುವಲ್ಲಿ, ನೀಲಿಯ ಹೊಸ ಪುಟ್ಟ ಊರೊಂದಿತ್ತು. ಹೆಸರು ಪವಿತ್ರ. ಸುತ್ತ ಗೋಡೆಯಿಲ್ಲ, ಒಬ್ಬ ಕಾವಲಿನವನಿಲ್ಲ, ಒಂದು ಬಾವಿ ಮತ್ತು ಹೊಲ. ರಂಗರಾಜುವಿನ ಕುದುರೆಗಳು ಹೊಳೆ ದಾಟಿದರೆ ಮುಗಿಯಿತು, ಊರು ಅವನದು. ಅವನು ಬಹಳ ಹೊತ್ತು ಕೀಲಿಮಣೆ ಮುಟ್ಟಲಿಲ್ಲ. ಆಮೇಲೆ ಕುದುರೆಗಳನ್ನು ಹೊಳೆಯಿಂದ ಹಿಂದಕ್ಕೆ ಎಳೆದು ‘ಆಯಿತು’ ಒತ್ತಿದ. ದೊರೆಸ್ವಾಮಿಗೂ ಅರ್ಥವಾಗಿರಬೇಕು, ಆ ಊರಿಗೆ ಕಾವಲು ಹಾಕಲೇ ಇಲ್ಲ. ಯುದ್ಧ ಎಲ್ಲಾದರೂ ಆಗಲಿ, ಅಲ್ಲಿ ಮಾತ್ರ ಬೇಡ ಎಂದು ಬಾಯಿ ಬಿಡದೆ ಒಪ್ಪಂದವಾಗಿಹೋಯಿತು. ಅಂದಿನಿಂದ ರಂಗರಾಜು ಮೊದಲು ನೋಡುತ್ತಿದ್ದದ್ದು ಪವಿತ್ರವನ್ನೇ. ದಿನವೂ ಏನಾದರೊಂದು ಸೇರಿರುತ್ತಿತ್ತು: ಒಂದು ತೋಟ, ಒಂದು ದಾರಿ, ದವಸದ ಕಣಜ. ಬೇರೆ ಊರುಗಳನ್ನು ದೊರೆಸ್ವಾಮಿ ಕೈಬಿಟ್ಟರೂ ಅದನ್ನು ಬಿಡುತ್ತಿರಲಿಲ್ಲ. ಅವನು ಸಂಸಾರ ಮಾಡುತ್ತಿದ್ದದ್ದು ಅಲ್ಲೇ ಎನ್ನಬೇಕು.

ಅಂಗಡಿಯ ಬಾಗಿಲೂ ತೆರೆಯಿತು. ದಿನಕ್ಕೆ ಒಂದೋ ಎರಡೋ ಅರ್ಜಿ ಟೈಪು ಮಾಡಿಕೊಡುತ್ತಾನೆ ಎಂದು ಪುಟ್ಟಸಿದ್ದಮ್ಮ ಹೇಳಿ ಕಳಿಸಿದಳು. ಹೆರಿಗೆ ಆಗಲಿ, ಅವತ್ತೇ ಹೋಗಿ ಅವನ ಪಕ್ಕ ಕೂತು ಒಂದು ಸರದಿ ಆಡಿ ಬರುತ್ತೇನೆ ಎಂದುಕೊಂಡ ರಂಗರಾಜು.

ಅಷ್ಟರಲ್ಲಿ ಓಣಂ ಬಂತು. ಗುಂಡ್ಲುಪೇಟೆಯವರಿಗೆ ಅದು ಹಬ್ಬವಲ್ಲ, ಹಬ್ಬದಷ್ಟೇ ದೊಡ್ಡ ಗಡಿಬಿಡಿ. ಕೇರಳದವರ ಎಲೆಗೆ ಬೀಳುವ ತರಕಾರಿ, ಅಂಗಳಕ್ಕೆ ಹಾಕುವ ಚೆಂಡುಹೂ, ಎಲ್ಲ ಇಲ್ಲಿಂದಲೇ ಹೋಗಬೇಕು. ಲಾರಿ, ಜೀಪು, ಟೆಂಪೊ ಯಾವುದಕ್ಕೂ ತಡೆಯಿಲ್ಲ. ಸೌತೆ, ಕುಂಬಳ, ಬದನೆ, ಸಾಂಬಾರು ಈರುಳ್ಳಿ, ಹಳದಿ ಹೂವಿನ ಮೂಟೆ. ಯಜಮಾನ ಬಂದು, “ಈ ವಾರ ನೀನು ಸತ್ತರೂ ರಜೆ ಇಲ್ಲ,” ಎಂದು ನಗುತ್ತ ಹೇಳಿಹೋದ. ನಗುತ್ತ ಹೇಳಿದರೂ ಮಾತು ಮಾತೇ.

ಆ ವಾರವೇ ಭೀಮನಬೀಡಿನ ತವರಿನಲ್ಲಿದ್ದ ಚಿಕ್ಕತಾಯಿಗೆ ನೋವು ಶುರುವಾಯಿತು. ಬೆಳಗ್ಗೆ ಅವಳನ್ನು ಟೆಂಪೊದಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆಗೆ ತಂದರಂತೆ ಎಂದು ಯಾರೋ ಬಂದು ಹೇಳಿದಾಗ ವೇಬ್ರಿಡ್ಜಿನ ಮೇಲೆ ಹೂವಿನ ಲಾರಿ ಹತ್ತಿ ನಿಂತಿತ್ತು, ಹಿಂದೆ ಸಾಲು. ಹುಚ್ಚಯ್ಯನ ಬಸ್ಸು ರಸ್ತೆಯಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು. ಹಿಂದಿನ ಸಂಜೆ ಬಂದ ಫ್ಲಾಪಿ ಮೇಜಿನ ಮೇಲೆ ಹಾಗೇ ಇತ್ತು. ರಂಗರಾಜು ಫ್ಲಾಪಿಯನ್ನು ಕೈಗೆತ್ತಿಕೊಂಡ. ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಇವತ್ತು ಫ್ಲಾಪಿ ಹೋಗದಿದ್ದರೆ ದೊರೆಸ್ವಾಮಿ ತಟ್ಟೆ ಮುಂದೆ ಕೂರುವುದಿಲ್ಲ, ಎದ್ದು ಯಾವ ಕಡೆ ನಡೆಯುತ್ತಾನೋ. ಹಾಗಂತ ಕೂತು ಆಡುವಷ್ಟು ಹೊತ್ತು ಎಲ್ಲಿದೆ? ತೂಕದ್ದು ಮುಚ್ಚಿ ಆಟ ತೆರೆದ. ನಕಾಶೆ ನೋಡಲೂ ಇಲ್ಲ, ಮಂತ್ರಿಯ ಕೀ ಒತ್ತಿದ. ಈ ಒಂದು ಸರದಿಗೆ. ಪರದೆಯ ಮೇಲೆ ಏನೋ ಪಟಪಟನೆ ಓಡಿ ನಿಂತಿತು. ಉಳಿಸಿ, ಫ್ಲಾಪಿ ಕಿತ್ತು, ಓಡಿಹೋಗಿ ಹುಚ್ಚಯ್ಯನ ಕೈಗೆ ಕೊಟ್ಟ. ಮಾತು ಉಳಿಯಿತು.

ಚಿಕ್ಕತಾಯಿಗೆ ಹೆಣ್ಣು ಮಗುವಾಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಗೆ ಹಣೆ ಕೊಟ್ಟು ರಂಗರಾಜು ಅತ್ತುಬಿಟ್ಟ. ಖುಷಿಗೂ ಅತ್ತ, ಪವಿತ್ರಳ ನೆನಪಾಗಿಯೂ ಅತ್ತ. ದೊರೆಸ್ವಾಮಿಗೆ ಇದನ್ನು ಯಾವ ಬಾಯಿಂದ ಹೇಳುವುದು? “ಅವುನ್ಗೆ ಹೇಳ್ಬ್ಯಾಡಣ್ಣ, ನಾನೇ ಓಗಿ ಹೇಳ್ತೀನಿ,” ಎಂದು ಹುಚ್ಚಯ್ಯನಿಗೆ ತಾಕೀತು ಮಾಡಿದ. ಹುಚ್ಚಯ್ಯ ತಲೆ ಆಡಿಸಿದ. ಬಸ್ಸಿನ ಕಂಡಕ್ಟರು ತಲೆ ಆಡಿಸಿದ್ದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಬೇಕಿತ್ತು.

ಮಾರನೆಯ ದಿನ ಆಸ್ಪತ್ರೆಗೆ ಗಂಜಿ ಒಯ್ಯಬೇಕಿತ್ತು, ಲಾರಿಗಳಂತೂ ಇದ್ದೇ ಇದ್ದವು. ಮತ್ತೆ ಮಂತ್ರಿ. ಅದರ ಮಾರನೆಯ ದಿನವೂ ಮಂತ್ರಿ. ಫ್ಲಾಪಿ ಸರಿಯಾಗಿ ಹೋಗುತ್ತಿತ್ತು, ಸರಿಯಾಗಿ ಬರುತ್ತಿತ್ತು. ಬರುತ್ತಿದೆ ಎಂದರೆ ಅವನು ಆಡುತ್ತಿದ್ದಾನೆ, ಆಡುತ್ತಿದ್ದಾನೆ ಎಂದರೆ ಉಣ್ಣುತ್ತಿದ್ದಾನೆ. ಇಷ್ಟು ಸುಲಭದ ದಾರಿ ಇರುವಾಗ ಇಷ್ಟು ತಿಂಗಳು ಯಾಕೆ ಒದ್ದಾಡಿದೆನೋ ಎಂದೂ ಒಂದು ಕ್ಷಣ ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಹೊರಗೆ ಹಾರನ್ ಹೊಡೆಯಿತು, ನಾಚಿಕೆ ಅಲ್ಲಿಗೇ ನಿಂತಿತು.

“ರಂಗ ಊರ್ನಲ್ಲಿ ಅವ್ನಾ ಅಂತ ಕೇಳ್ದ ಕಣ್ಲಾ,” ಎಂದ ಹುಚ್ಚಯ್ಯ ಒಂದು ಸಂಜೆ.

“ಅವ್ನೆ ಅಂತ ಹೇಳು. ಓಣಂ ಕಳೀಲಿ, ಬತ್ತೀನಿ ಅಂತ ಹೇಳು.”

ಓಣಂ ಕಳೆಯಿತು. ಲಾರಿಗಳ ಸಾಲು ಕರಗಿತು. ಅವತ್ತು ಸಂಜೆ ಹುಚ್ಚಯ್ಯ ಫ್ಲಾಪಿ ಕೊಟ್ಟು ಹೋಗದೆ ನಿಂತ.

“ದಿನದಂಗೇ ಬಸ್‌ಸ್ಟಾಂಡ್ಗಂಟ ಬಂದು ಕೊಟ್ಟ ಕಣ್ಲಾ. ನಾಳಿಂದ ತರಾದೇನು ಬ್ಯಾಡ ಅಣ್ಣ, ಇನ್ ಅದೇ ಆಡ್ಕತದೆ ಅಂದ.”

“ಚೆನ್ನಾಗವ್ನಾ?”

“ಗಡ್ಡ ಮಾಡಿಸ್ಕಂಡು, ತೊಳ್ದಿರೋ ಅಂಗಿ ಹಾಕ್ಕಂಡಿದ್ದ. ಚೆನ್ನಾಗವ್ನೆ.”

ರಂಗರಾಜುವಿಗೆ ಹಗುರವಾಯಿತು. ಆಟ ಸಾಕಾಗಿದೆ, ಅಂದರೆ ಹುಷಾರಾಗಿದ್ದಾನೆ. ವಾರದ ನಿದ್ದೆಗೆಟ್ಟ ಕಣ್ಣು ಉರಿಯುತ್ತಿತ್ತು. ಫ್ಲಾಪಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿ ಮನೆಗೆ ಹೋದ.

ಮರುದಿನ ಬೆಳಗ್ಗೆ ಭೀಮನಬೀಡಿಗೆ ಹೋಗಿ ಮಗುವನ್ನು ನೋಡಿಕೊಂಡು, ಹೊತ್ತೇರಿದ ಮೇಲೆ ಕೆಲಸಕ್ಕೆ ಬಂದ. ಮಾರ್ಕೆಟ್ಟು ಬಿಕೋ ಎನ್ನುತ್ತಿತ್ತು. ಒಂದು ಬದನೆಕಾಯಿ ಟೆಂಪೊ ತೂಗಿ ಕಳಿಸಿ, ಬಿಡುವಾಗಿ ಕೂತು, ಎಷ್ಟೋ ದಿನದ ಮೇಲೆ ನಿಧಾನವಾಗಿ ಫ್ಲಾಪಿ ಹಾಕಿದ. ಅಭ್ಯಾಸದಂತೆ ಮೊದಲು ಕಣ್ಣು ಹೋದದ್ದು ಹೊಳೆ ತಿರುಗುವ ಜಾಗಕ್ಕೆ.

ಪವಿತ್ರ ಇರಲಿಲ್ಲ. ಅಲ್ಲೊಂದು ಕರಿ ಗುರುತು, ಅದರ ಮೇಲೆ ಅವನದೇ ಕೆಂಪು ಕುದುರೆಗಳು. ತೋಟ, ದಾರಿ, ಕಣಜ ಯಾವುದೂ ಇಲ್ಲ. ಸುತ್ತಮುತ್ತ ಕೆಂಪು ಊರುಗಳು ಎದ್ದಿದ್ದವು, ಒಂದೊಂದಕ್ಕೂ ಬಾಯಿಗೆ ಬಾರದ ಪರದೇಶದ ಹೆಸರು. ಒಂದು ಊರಿನ ಹೆಸರಾದರೂ ರಂಗರಾಜು ಇಟ್ಟದ್ದಲ್ಲ. ಅದನ್ನು ನೋಡಿದ ಮೊದಲ ದಿನವೇ ದೊರೆಸ್ವಾಮಿಗೆ ಗೊತ್ತಾಗಿರಬೇಕು, ಈ ಕಡೆ ಮನುಷ್ಯನಿಲ್ಲ ಎಂದು. ಗೊತ್ತಾದರೂ ನಂಬಿರಲಿಕ್ಕಿಲ್ಲ. ಯಾಕೆಂದರೆ ನೀಲಿಯ ದೊಡ್ಡ ದಂಡು ಪಕ್ಕದ ಚಂದಕವಾಡಿಯಲ್ಲೇ ಇತ್ತು, ಒಂದು ಹೆಜ್ಜೆ ಕದಲಿರಲಿಲ್ಲ. ಕುದುರೆಗಳು ಹೊಳೆ ದಾಟುವುದನ್ನು ನೋಡಿಯೂ ಅವನು ದಂಡು ಕಳಿಸಿರಲಿಲ್ಲ. ರಂಗ ಅಲ್ಲಿಗೆ ಬರುವುದಿಲ್ಲ ಎಂದು ಕೂತಿದ್ದ.

ರಂಗರಾಜು ಏನು ಮಾಡುತ್ತಿದ್ದೇನೆಂದು ತಿಳಿಯದೆ ಕುದುರೆಗಳನ್ನು ಹಿಂದಕ್ಕೆ ಎಳೆದ. ‘ಆಯಿತು’ ಒತ್ತಿದ. ಈಗ ಆಟ ನಿಲ್ಲಬೇಕಿತ್ತು, ನೀಲಿ ರಾಜನಿಗಾಗಿ ಕಾಯಬೇಕಿತ್ತು. ನಿಲ್ಲಲಿಲ್ಲ. ನೀಲಿಯ ದಂಡು ತಾನಾಗಿ ಪಟಪಟನೆ ಹೆಜ್ಜೆ ಹಾಕಿತು, ವರ್ಷ ತಿರುಗಿತು, ಮತ್ತೆ ಕೆಂಪಿನ ಸರದಿ ಬಂತು. ದೊರೆಸ್ವಾಮಿ ತನ್ನ ರಾಜ್ಯವನ್ನು ಮಂತ್ರಿಗೆ ವಹಿಸಿಬಿಟ್ಟಿದ್ದ. ಒಂದು ಸರದಿಗಲ್ಲ, ಕೊನೆಯವರೆಗೆ.

ಇನ್ ಅದೇ ಆಡ್ಕತದೆ. ಗಡ್ಡ ಮಾಡಿಸಿಕೊಂಡಿದ್ದ, ತೊಳೆದ ಅಂಗಿ ಹಾಕಿಕೊಂಡಿದ್ದ.

ಈರುಳ್ಳಿ ಲಾರಿಯೊಂದು ವೇಬ್ರಿಡ್ಜಿನ ಮೇಲೆ ಹತ್ತುತ್ತಿತ್ತು. ರಂಗರಾಜು ಬಾಗಿಲು ಹಾಕದೆ, ಕಂಪ್ಯೂಟರ್ ಆರಿಸದೆ ರಸ್ತೆಗೆ ಓಡಿದ. ಡ್ರೈವರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಸಿಕ್ಕಿದ ಬಸ್ಸು ಹತ್ತಿದ. ತೆರಕಣಾಂಬಿಯಲ್ಲಿ ಬಸ್ಸು ನಿಂತು, ಯಾರದೋ ಮೂಟೆ ಇಳಿಸಿ, ಡ್ರೈವರು ಟೀ ಕುಡಿದು ಬರುವವರೆಗೂ ಅವನು ಫುಟ್‌ಬೋರ್ಡಿನ ಮೇಲೆ ನಿಂತೇ ಇದ್ದ. ಹೆರಿಗೆಯಾದ ದಿನವೇ ಹೋಗುತ್ತೇನೆ ಎಂದುಕೊಂಡಿದ್ದವನು ಅವನು. ದಿನಗಳು ಎಲ್ಲಿ ಹೋದವು? ಲಾರಿಯಲ್ಲಿ ಘಾಟಿ ಇಳಿದು ಹೋದವು.

ಚಾಮರಾಜನಗರದಲ್ಲಿ ದೊರೆಸ್ವಾಮಿಯ ಮನೆ ಮುಂದೆ ಜನ ಸೇರಿದ್ದರು. ಮುರಿದ ಸೌದೆ ಹೊಗೆಯಾಡುತ್ತಿತ್ತು. ಅದನ್ನು ನೋಡಿದ ಮೇಲೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆದರೂ ಪಕ್ಕದ ಅಂಗಡಿಯವನು ಹೇಳಿದ, ಬೆಳಗ್ಗೆ ಕೆರೆಯಿಂದ ತೆಗೆದರು, ಪೊಲೀಸು ಆಸ್ಪತ್ರೆ ಎಲ್ಲ ಮುಗಿದು ಈಗ ತಂದಿದ್ದಾರೆ ಎಂದು. ರಂಗರಾಜು ತಾನು ತುಳಿಯದೆ ಬಿಟ್ಟಿದ್ದ ಆ ಹೊಸ್ತಿಲನ್ನು ದಾಟಿ ಒಳಗೆ ಹೋದ. ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಟವೆಲು ಹೊದಿಸಿತ್ತು. ಅದರ ಕೆಳಗೆ ನೆಲದ ಮೇಲೆ ದೊರೆಸ್ವಾಮಿಯನ್ನು ಮಲಗಿಸಿದ್ದರು. ತಲೆದೆಸೆಯಲ್ಲಿ ಪುಟ್ಟಸಿದ್ದಮ್ಮ ಕೂತಿದ್ದಳು. ಅತ್ತು ಅತ್ತು ದನಿ ನಿಂತುಹೋಗಿತ್ತು. ಇವನನ್ನು ಕಂಡು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ನೀನು ಒಂದಿನಾನೂ ತಪ್ಪಿಸ್ನಿಲ್ಲ ಕಣಪ್ಪ,” ಎಂದಳು. “ಯೋಳ್ದಂಗೆ ನಡ್ಕಂಡೆ. ಇವ್ನಿಗೇ ಉಳ್ಯಾಕೆ ಮನಸ್ಸಿರ್ನಿಲ್ಲ.”

ರಂಗರಾಜು ಆಕೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡ. “ದೊಡ್ಡವ್ವ, ಈಗೀಗ ನಾನ್ ಆಡ್ತಿರ್ನಿಲ್ಲ. ಮಿಷನ್ ಆಡ್ತಿತ್ತು.”

“ಗೊತ್ತು ಮಗ. ಇವ್ನೂ ಅಂದ. ರಂಗನ್ಗೆ ಮಗು ಆಯ್ತಂತೆ ಅವ್ವ, ಹುಚ್ಚಯ್ಯ ಹೇಳ್ದ, ಪುರ್ಸೊತ್ತಿಲ್ಲ ಪಾಪ, ಇನ್ ಅವುನ್ಗೆ ತೊಂದ್ರೆ ಕೊಡಬಾರ್ದು ಅಂದ. ನಿನ್ ಮ್ಯಾಲೆ ಏನೂ ಬೇಜಾರ್ ಮಾಡ್ಕನಿಲ್ಲ.” ಆಕೆ ಮಗನ ಒದ್ದೆ ಕೂದಲನ್ನು ಹಣೆಯಿಂದ ಸರಿಸಿದಳು. “ಊರೊಂದು ಹೋಯ್ತು ಕಣವ್ವ ಅಂತ ಮಾತ್ರ ನಾಕಾರು ಸತಿ ಅಂದ. ಯಾವೂರಪ್ಪ ಅದು? ನಮ್ ಕಡೆದಾ?”

ರಂಗರಾಜು ಬಾಯಿ ತೆರೆದ. ಆ ಹೆಸರು ನಾಲಿಗೆಯ ಮೇಲೇ ಇತ್ತು, ಆಕೆಯ ಸೊಸೆಯ ಹೆಸರು. ಪುಟ್ಟಸಿದ್ದಮ್ಮ ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತ ಕೂತಿದ್ದಳು.

ಹೊರಗೆ ಚಟ್ಟ ಸಿದ್ಧವಾಯಿತು. ಹಿರಿಯರೊಬ್ಬರು ಒಳಗೆ ಬಂದು, ಹೊರುವವರು ಬನ್ನಿ ಎಂದು ಕರೆದರು. ರಂಗರಾಜು ಎದ್ದು ನಿಂತದ್ದನ್ನು ನೋಡಿ ಚಂದಕವಾಡಿಯ ಸಂಬಂಧಿಕನೊಬ್ಬ ತಡೆದ.

“ನಿನ್ ಎಡ್ತಿ ಬಸ್ರಿ ಅಲ್ವೇನ್ಲಾ? ಇವ್ನ್ ಎಡ್ತಿ ಸತ್ತಾಗ ಅದ್ಕೇ ಬರ್ನಿಲ್ವಲ್ಲ ನೀನು. ಎಗ್ಲು ಕೊಡಬೋದಾ?”

ಕೋಣೆಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಪುಟ್ಟಸಿದ್ದಮ್ಮ ತಲೆ ಬಗ್ಗಿಸಿದಳು.

“ಹೆರ್ಗೆ ಆಯ್ತಣ್ಣ,” ಎಂದ ರಂಗರಾಜು. “ಈಗ ಕೊಡಬೋದು.” ದೊರೆಸ್ವಾಮಿಯನ್ನು ಹೊರಗೆ ತಂದು ಮಲಗಿಸಿದ ಮೇಲೆ, ಬಗ್ಗಿ ಚಟ್ಟದ ಮುಂದಿನ ತುದಿಗೆ ಹೆಗಲು ಕೊಟ್ಟ.